ಚಿತ್ರಕ್ಕೊಂದು ಬೊಟ್ಟು

ಗ್ಯಾಲರಿಯಲ್ಲಿ ಚಿತ್ರ ಮಾರಾಟವಾದರೆ ಅದರ ಪಕ್ಕದ ಚೀಟಿಯ ಮೇಲೆ ಒಂದು ಕೆಂಪು ಚುಕ್ಕೆ ಅಂಟಿಸುತ್ತಾರೆ. ನಾನು ಮೂರು ತಿಂಗಳು ಮೊದಲೇ ಪಟ್ಟಿ ಮಾಡಿಟ್ಟಿದ್ದೆ. ಕೊಕ್ಕೆ, ನೈಲಾನ್ ದಾರ, ಬಬಲ್ ರ್‍ಯಾಪ್, ಅಳತೆ ಟೇಪು, ದೀಪದ ಬತ್ತಿ, ಬೆಂಕಿಪೊಟ್ಟಣ, ಎರಡು ಪೆನ್ನು. ಎಲ್ಲಾ ಬಂತು. ಕೆಂಪು ಚುಕ್ಕೆ ಮಾತ್ರ ಮರೆತೇಹೋಯಿತು. ಅದು ಬೇಕಾಗೋದಿಲ್ಲ ಅಂತ ಒಳಮನಸ್ಸಿಗೆ ಗೊತ್ತಿತ್ತೋ ಏನೋ.

ಹಾಗಂತ ನಾನೇನು ಚಿತ್ರ ಮಾರದವಳಲ್ಲ. ಚಿತ್ರಸಂತೆಯಲ್ಲಿ ಕೂತು ಪಳಗಿದವಳು. ಜನವರಿಯ ಒಂದು ಭಾನುವಾರ ಕುಮಾರಕೃಪ ರಸ್ತೆಯಲ್ಲಿ ಗಾಡಿಗಳನ್ನು ನಿಲ್ಲಿಸಿ, ರಸ್ತೆಯುದ್ದಕ್ಕೂ ನಮ್ಮಂಥವರು ಚಿತ್ರ ಹರಡಿಕೊಂಡು ಕೂರುತ್ತೇವಲ್ಲ, ಅದು. ಅಲ್ಲಿ ನಾಚಿಕೆಗೆ ಜಾಗವಿಲ್ಲ. "ಎರಡು ತಗೊಂಡ್ರೆ ಎಷ್ಟಕ್ಕೆ ಬಿಡ್ತೀರಾ?" ಅಂತ ಕೇಳುತ್ತಾರೆ, ನಾವೂ ಬಿಡುತ್ತೇವೆ. ಒಬ್ಬರು ಫ್ರೇಮನ್ನು ತಟ್ಟಿ ನೋಡಿ, ತೇಗದ್ದೇ ಅಂತ ಖಾತ್ರಿ ಮಾಡಿಕೊಂಡು, "ಒಳಗಿಂದು ನೀವೇ ಇಟ್ಕೊಳ್ಳಿ, ಇದಿಷ್ಟಕ್ಕೆ ಎಷ್ಟು?" ಅಂದಿದ್ದರು. ಆದರೂ ಅವತ್ತು ಸಂಜೆಯೊಳಗೆ 7 ಚಿತ್ರ ಹೋಗಿದ್ದವು. ಒಂದಂತೂ ಆಟೋದ ಹಿಂದಿನ ಸೀಟಿನಲ್ಲಿ ಒಬ್ಬಳೇ ರಾಣಿಯ ಹಾಗೆ ಕೂತು ಹೋಯಿತು.

ಆ ಧೈರ್ಯದ ಮೇಲೆಯೇ ಗ್ಯಾಲರಿ ಹಿಡಿದದ್ದು. ಬಿಳಿ ಗೋಡೆ, ಎಸಿ, ಚಿತ್ರಕ್ಕೊಂದು ಸ್ಪಾಟ್‌ಲೈಟ್. ಕಲೆಕ್ಟರ್‌ಗಳು, ಅಂದರೆ ಚಿತ್ರ ಕೊಂಡು ಸಂಗ್ರಹಿಸುವವರು, ಬರುತ್ತಾರೆ ಅಂದರು. ನಮ್ಮತ್ತೆಗೆ ಜಿಲ್ಲಾಧಿಕಾರಿಗಳು ಅಂತ ಕೇಳಿಸಿ, ಪೆಟ್ಟಿಗೆಯಿಂದ ರೇಷ್ಮೆ ಸೀರೆ ಹೊರಗೆ ಬಂತು.

ವಿಷಯ ಬಸವನಗುಡಿಯ ಕಡಲೆಕಾಯಿ ಪರಿಷೆ. ಕಾರ್ತಿಕದ ಕಡೇ ಸೋಮವಾರ ದೊಡ್ಡ ಬಸವನ ಗುಡಿಯ ಮುಂದೆ ರಾಶಿ ರಾಶಿ ಬೀಳುವ ಕಡಲೆಕಾಯಿ, ಬತ್ತಾಸು, ಬಳೆ, ಕುಂಕುಮದ ಗುಡ್ಡೆ. ಎಲ್ಲಾ ಎಣ್ಣೆಬಣ್ಣ, ಒಟ್ಟು 18 ಚಿತ್ರ. ಬೆಲೆ ಹಾಕುವುದು ಚದರ ಇಂಚಿನ ಲೆಕ್ಕದಲ್ಲಿ. ಇಂಚಿಗೆ 60 ರೂಪಾಯಿ ಅಂದುಕೊಂಡೆ. 24 ಇಂಚು ಅಗಲ 36 ಇಂಚು ಎತ್ತರ ಅಂದರೆ 51,840 ರೂಪಾಯಿ. ನಮ್ಮ ಮನೆಯವರು ಫೋನಿನಲ್ಲಿ ಇನ್ನೇನೋ ಗುಣಿಸಿ, "ಅಡಿಗೆ 8,640 ಬಿತ್ತು ಕಣೇ. ಪರವಾಗಿಲ್ಲ, ಬಸವನಗುಡೀಲಿ ಸೈಟು ಇದಕ್ಕಿಂತ ಜಾಸ್ತಿ" ಅಂದರು. ಹೊಗಳಿದ್ದೋ ತೆಗಳಿದ್ದೋ ಇವತ್ತಿಗೂ ಗೊತ್ತಾಗಿಲ್ಲ.

ಎಣ್ಣೆಬಣ್ಣದ ಸಮಸ್ಯೆ ಒಂದಿದೆ. ಅದು ಒಗೆದ ಬಟ್ಟೆಯ ಹಾಗೆ ನೀರು ಆರಿ ಒಣಗುವುದಲ್ಲ. ಬಣ್ಣ ಕಲಸಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗಬೇಕು. ಅದರಲ್ಲೂ ಒಂದೊಂದು ಬಣ್ಣದ್ದು ಒಂದೊಂದು ಸ್ವಭಾವ. ಕಡಲೆಕಾಯಿಗೆ ಹಾಕುವ ಬರ್ನ್ಟ್ ಅಂಬರ್ ಅನ್ನುವ ಕಂದು ಬಣ್ಣದಲ್ಲಿ ಎಣ್ಣೆಯನ್ನು ಬೇಗ ಒಣಗಿಸುವ ಮ್ಯಾಂಗನೀಸ್ ಇರುತ್ತದೆ. ಆ ಬಣ್ಣ ಒಂದೆರಡು ದಿನಕ್ಕೆ ಒಣಗಿ ಕೂರುವ ಒಳ್ಳೇ ಹುಡುಗ. ಕುಂಕುಮಕ್ಕೆ ಹಾಕುವ ಕ್ಯಾಡ್ಮಿಯಂ ರೆಡ್ ಮಾತ್ರ ಶುದ್ಧ ಸೋಮಾರಿ. ನಾನೋ, ಗುಡ್ಡೆ ಗುಡ್ಡೆಯಾಗಿಯೇ ಕಾಣಲಿ ಅಂತ ಚಾಕುವಿನಲ್ಲಿ ಬೆಣ್ಣೆ ಬಳಿದ ಹಾಗೆ ಅರ್ಧ ಇಂಚು ದಪ್ಪ ಬಳಿದಿದ್ದೆ. ತಿಂಗಳು ಆಗಸ್ಟ್. ಹೊರಗೆ ಜಿಟಿಜಿಟಿ ಮಳೆ. ಉದ್ಘಾಟನೆಯ ದಿನ ಕಡಲೆಕಾಯಿಗಳೆಲ್ಲಾ ಗರಿಗರಿ, ಕುಂಕುಮ ಮಾತ್ರ ಹಸಿಹಸಿ.

ದೀಪ ಹಚ್ಚಿದ್ದು, ಎಸಿ ಗಾಳಿಗೆ ಅದು ಮೂರು ಸಲ ಆರಿದ್ದು, ಭಾಷಣ, ಇವೆಲ್ಲ ಎಲ್ಲ ಕಡೆ ಆಗುವಂಥದ್ದೇ. ನಮ್ಮಲ್ಲಿ ವಿಶೇಷ ಏನೆಂದರೆ ನಮ್ಮ ಮನೆಯವರ ಖಾದಿ ಜುಬ್ಬ. ನರೆತ ಗಡ್ಡ ಬೇರೆ. ಬಂದವರೆಲ್ಲ ಸೀದಾ ಅವರ ಹತ್ತಿರ ಹೋಗಿ ಕೈ ಕುಲುಕಿದರು. ನಾನು ಪಕ್ಕದಲ್ಲಿ ಟ್ರೇ ಹಿಡಿದು ನಿಂತಿದ್ದರಿಂದ ನನ್ನ ಕೈಯಿಂದ ಟೀ ತಗೊಂಡರು. ಒಬ್ಬ ಹುಡುಗಿ ಫೋನು ಹಿಡಿದು, "ಸರ್, ಈ ಸರಣಿಯ ಹಿಂದೆ ಯಾವ ನೆನಪು ಕೆಲಸ ಮಾಡಿದೆ?" ಅಂತ ಕೇಳಿದಳು. ಇವರು ಚಿತ್ರವನ್ನೇ ದಿಟ್ಟಿಸಿ ನೋಡಿ, ಗಂಭೀರವಾಗಿ, "ಉಪ್ಪು ಹಾಕಿ ಬೇಯಿಸಿದ್ದು" ಅಂದರು. ಅವಳು ಅದನ್ನು ಬರೆದುಕೊಂಡಳು.

ತುಮಕೂರಿನಿಂದ ಬಂದಿದ್ದ ನನ್ನ ಸೋದರಮಾವ ಎದುರುಗೋಡೆಯ ದೊಡ್ಡ ಚಿತ್ರವನ್ನು ನೋಡುತ್ತಿದ್ದರು. ಚಿತ್ರವನ್ನು ದೂರದಿಂದ ನೋಡಬೇಕು ಅಂತ ಅವರಿಗೆ ಯಾರೋ ಹೇಳಿದ್ದರಂತೆ. ಒಂದು ಹೆಜ್ಜೆ ಹಿಂದೆ ಬಂದರು. ಇನ್ನೊಂದು. ಇನ್ನೂ ಒಂದು. ನಾನು "ಮಾವಾ!" ಅನ್ನುವಷ್ಟರಲ್ಲಿ ಇಸ್ತ್ರಿ ಮಾಡಿದ ಬಿಳಿ ಶರಟಿನ ಬೆನ್ನು ಹೋಗಿ ಕುಂಕುಮದ ಗುಡ್ಡೆಗೆ ಒರಗಿತ್ತು. ಬೆನ್ನ ನಡುವೆ ತಟ್ಟೆಯಷ್ಟು ಅಗಲದ ಕೆಂಪು. ಅವತ್ತು ಇಡೀ ಗ್ಯಾಲರಿಯಲ್ಲಿ ಕೆಂಪು ಚುಕ್ಕೆ ಬಿದ್ದಿದ್ದು ಮಾವ ಒಬ್ಬರಿಗೇ.

"ಇರ್ಲಿ ಬಿಡಮ್ಮ, ಕುಂಕುಮ ತಾನೆ, ಶುಭ" ಅಂದರು ಮಾವ. ಅತ್ತೆ ಮಾತ್ರ ಕ್ಯಾಡ್ಮಿಯಂ ಒಗೆದರೆ ಹೋಗುತ್ತಾ ಅಂತ ಮೂರು ಸಲ ಕೇಳಿದರು. ಹೋಗಲ್ಲ. ರಾತ್ರಿ ಗುಡ್ಡೆಯನ್ನು ಚಾಕುವಿನಲ್ಲಿ ಮತ್ತೆ ಕಟ್ಟಿದೆ. ಅಂದರೆ ಅದು ಇನ್ನೂ ಹಸಿಯಾಯಿತು.

ಎರಡನೇ ದಿನ ಒಬ್ಬ ಹಿರಿಯ ಕಲಾವಿದ ಮಿತ್ರರು ಬಂದು ಗೋಡೆಗಳನ್ನೆಲ್ಲ ನೋಡಿ, ತಲೆ ಆಡಿಸಿದರು. "ಒಂದು ಚುಕ್ಕೆನೂ ಇಲ್ವಲ್ರೀ. ಬೋಣಿ ಆಗದ ಅಂಗಡಿಗೆ ಯಾರು ಬರ್ತಾರೆ? ನೀವೇ ಒಂದೆರಡು ಅಂಟಿಸಿ ಸುಮ್ನೆ. ಎಲ್ಲರೂ ಮಾಡೋದೇ." ನನಗೆ ಸರಿ ಅನ್ನಿಸಿತು. ಚುಕ್ಕೆ ಎಲ್ಲಿ? ವ್ಯಾನಿಟಿ ಬ್ಯಾಗಿನಲ್ಲಿ ಹಣೆಗಿಡುವ ಸ್ಟಿಕರ್ ಪ್ಯಾಕೆಟ್ ಇತ್ತು. ಮೂರು ಬೊಟ್ಟು ತೆಗೆದು ಮೂರು ಚೀಟಿಗೆ ಇಟ್ಟೆ. ಅದರಲ್ಲಿ ಒಂದು ಕುಂಕುಮದ ಚಿತ್ರಕ್ಕೆ. ಹೇಗೂ ಒಣಗಿಲ್ಲ, ಕೊಡುವ ಹಾಗೂ ಇಲ್ಲ.

ಅತ್ತೆ ಹತ್ತಿರ ಬಂದು ನೋಡಿದರು. "ದೃಷ್ಟಿಬೊಟ್ಟು ಕಪ್ಪು ಇಡೋದಲ್ವೇನೆ?"

"ದೃಷ್ಟಿಗಲ್ಲ ಅತ್ತೆ. ಮಾರಾಟ ಆಗಿದೆ ಅಂತ ಗುರುತು."

ಆಗಿಲ್ಲ ಅನ್ನುವ ಭಾಗವನ್ನು ನಾನು ಹೇಳಲಿಲ್ಲ. ಅಲ್ಲೇ ಎಡವಿದ್ದು.

ಮೂರನೇ ದಿನ ಮಧ್ಯಾಹ್ನ ಒಬ್ಬರು ಬಂದರು. ಲಿನನ್ ಶರಟು, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ಮಾತಿಲ್ಲ. ಪ್ರತಿ ಚಿತ್ರದ ಮುಂದೆ ಎರಡೆರಡು ನಿಮಿಷ. ಮೊದಲು ಚಿತ್ರ ನೋಡುತ್ತಾರೆ, ಆಮೇಲೆ ಅದರ ಅಕ್ಕಪಕ್ಕ ನೋಡುತ್ತಾರೆ, ಆಮೇಲೆ ತಲೆಯೆತ್ತಿ ಲೈಟು ನೋಡುತ್ತಾರೆ. ಇವರೇ ಅಂತ ನನ್ನ ಎದೆ ಹೊಡೆದುಕೊಂಡಿತು. ಅತ್ತೆ ಮಾಡಿ ತಂದಿದ್ದ ಕೋಡುಬಳೆ ಕೊಟ್ಟೆ. ತಿಂದರು. ಫ್ಲಾಸ್ಕಿನ ಕಾಫಿ ಕೊಟ್ಟೆ. ಕುಡಿದರು. ಜೇಬಿನಿಂದ ಟೇಪು ತೆಗೆದು ದೊಡ್ಡ ಚಿತ್ರದ ಹತ್ತಿರ ಹಿಡಿದಾಗ ನನಗೆ ತಡೆಯಲಾಗಲಿಲ್ಲ. "ಸಾರ್, ನಿಮಗಾದ್ರೆ ಹತ್ತು ಪರ್ಸೆಂಟ್ ಬಿಡ್ತೀನಿ" ಅಂದೇಬಿಟ್ಟೆ.

ಅವರು ಗಾಬರಿಯಾಗಿ ಟೇಪು ಸುತ್ತಿಕೊಂಡರು. "ಅಯ್ಯೋ, ಇಲ್ಲಮ್ಮ. ಮುಂದಿನ ವಾರ ಇಲ್ಲಿ ನಂದು ಷೋ ಇದೆ. ಗೋಡೆ ಅಳತೆ ತಗೊಳ್ಳೋಣ ಅಂತ ಬಂದೆ." ಬಾಗಿಲ ಹತ್ತಿರ ತಿರುಗಿ ನಿಂತು, "ಕಲೆಕ್ಟರ್ಸ್ ಬರ್ತಿದ್ದಾರಾ?" ಅಂತ ಕೇಳಿದರು. ಇನ್ನೊಂದು ಕೋಡುಬಳೆ ಕೊಟ್ಟು ಕಳಿಸಿದೆ.

ನಾಲ್ಕನೇ ದಿನದ್ದನ್ನು ಬರೆಯಬಾರದು ಅಂತಲೇ ಇದ್ದೆ. ನಾನು ಊಟಕ್ಕೆ ಅಂತ ಎದುರಿನ ದರ್ಶಿನಿಗೆ ಹೋಗಿದ್ದು ಇಪ್ಪತ್ತೇ ನಿಮಿಷ. ಅತ್ತೆ ಕುರ್ಚಿಯಲ್ಲಿ ಕೂತಿದ್ದರು. ನಾನು ವಾಪಸ್ ಬಂದಾಗ ಅವರ ಮುಖದಲ್ಲಿ ಬೆಳಕು.

"ಒಬ್ಬಳು ಬಂದಿದ್ಲು ಕಣೇ. ಲಕ್ಷಣವಾಗಿದ್ಲು. ಆ ಕುಂಕುಮದ್ದೇ ಬೇಕು ಅಂತ ಒಂದೇ ಹಠ. ರೇಟು ಜಾಸ್ತಿ ಆದ್ರೂ ಪರವಾಗಿಲ್ಲ ಅಂದ್ಲು."

"ನೀವೇನಂದ್ರಿ?"

"ಅದು ಹೋಗ್ಬಿಟ್ಟಿದೆ ಕಣಮ್ಮ, ಬೊಟ್ಟು ಕಾಣಲ್ವಾ ಅಂದೆ. ನಿನ್ನ ಮರ್ಯಾದೆ ಪ್ರಶ್ನೆ ಅಲ್ವೇನೆ? ಒಬ್ಬರಿಗೆ ಕೊಟ್ಟ ಮಾತು ಇನ್ನೊಬ್ಬರಿಗೆ ಮುರೀಬಾರದು."

ರಸ್ತೆಗೆ ಓಡಿದೆ. ಮಳೆ, ಛತ್ರಿಗಳು, ಯಾರು ಲಕ್ಷಣವಾಗಿದ್ದಾರೆ ಅಂತ ಛತ್ರಿಯ ಕೆಳಗೆ ಹುಡುಕುವುದು ಹೇಗೆ? ವಾಪಸ್ ಬಂದು ಅಭಿಪ್ರಾಯದ ಪುಸ್ತಕ ತಿರುವಿದೆ. "ಕೋಡುಬಳೆ ಬಹಳ ಚೆನ್ನಾಗಿತ್ತು. ಚಿತ್ರಗಳೂ." "ಕೋಡುಬಳೆಗೆ ಎಳ್ಳು ಹಾಕಿದ್ದೀರಾ?" "ಕಲಾವಿದರು ಸರಳ ವ್ಯಕ್ತಿ, ಜುಬ್ಬ ಒಪ್ಪುತ್ತದೆ." ಕಡೆಯಲ್ಲಿ ದುಂಡಗಿನ ಅಕ್ಷರದಲ್ಲಿ ಒಂದು ಸಾಲು: "ಕುಂಕುಮದ ಚಿತ್ರ ತಗೊಂಡವರು ಪುಣ್ಯವಂತರು." ಕೆಳಗೆ ಒಂದು ಸಹಿ, ಸೊಳ್ಳೆ ಹೊಡೆದ ಹಾಗೆ. ಫೋನ್ ನಂಬರಿನ ಕಾಲಂ ಖಾಲಿ.

ಕೊನೆಯ ದಿನ ನಮ್ಮ ಹಲ್ಲಿನ ಡಾಕ್ಟರು ಬಂದರು. 10 ಇಂಚು 12 ಇಂಚಿನ ಪುಟ್ಟ ಚಿತ್ರದ ಮುಂದೆ ನಿಂತು ಮೆಚ್ಚಿ ಮೆಚ್ಚಿ ನೋಡಿ, "ದವಡೆಹಲ್ಲು ಎಷ್ಟು ಕರೆಕ್ಟಾಗಿ ಬಂದಿದೆ, ಬೇರೂ ಕಾಣ್ತಾ ಇದೆ. ವೇಟಿಂಗ್ ರೂಮಿಗೆ ಬೇಕು" ಅಂದರು. ಅದು ಬಿಡಿಸಿಟ್ಟ ಕಡಲೆಕಾಯಿ. ನಾನು ತಿದ್ದಲಿಲ್ಲ. ಬೆಲೆ 7,200. ನಮ್ಮ ಮನೆಯವರ ರೂಟ್ ಕೆನಾಲ್ ಬಾಕಿ 4,000 ಕಳೆದು 3,200 ಕೊಟ್ಟರು. ಗ್ಯಾಲರಿಗೆ ಮೂರನೇ ಒಂದು ಭಾಗ, 2,400. ಕೈಗೆ ಉಳಿದದ್ದು 800. ಆ ಚಿತ್ರದ ಫ್ರೇಮಿಗೆ ಕೊಟ್ಟದ್ದು 900.

ಇಂಥ ಹೊತ್ತಿನಲ್ಲಿ ಯಾರಾದರೂ ವ್ಯಾನ್ ಗೋ ಹೆಸರು ಎತ್ತಲೇಬೇಕು, ಎತ್ತಿದರು. ಬದುಕಿದ್ದಾಗ ಅವನದೂ ಒಂದೇ ಚಿತ್ರ ಮಾರಾಟವಾಗಿದ್ದಂತೆ, ನಿಮಗೂ ಸತ್ತ ಮೇಲೆ ರೇಟು ಬರುತ್ತೆ ಅಂತ ಸಮಾಧಾನ. ನನಗೆ ಅವನ ರೇಟಿಗಿಂತ ಆ ಚಿತ್ರ ಕೊಂಡವಳ ಮೇಲೆ ಕುತೂಹಲ. 1890ರಲ್ಲಿ ಬ್ರಸೆಲ್ಸ್‌ನ ಪ್ರದರ್ಶನದಲ್ಲಿ ಅವನ ಕೆಂಪು ದ್ರಾಕ್ಷಿತೋಟದ ಚಿತ್ರವನ್ನು 400 ಫ್ರಾಂಕ್ ಕೊಟ್ಟು ತಗೊಂಡವಳು ಅನ್ನಾ ಬೋಕ್. ಅವಳೂ ಚಿತ್ರಕಾರ್ತಿ. ಅವಳ ತಮ್ಮ ವ್ಯಾನ್ ಗೋನ ಸ್ನೇಹಿತ. ಅಂದರೆ ಅವನಿಗೂ ಗೆಳೆಯನ ಅಕ್ಕನೇ ಗತಿ. ಆದರೆ ಅವಳು ರೂಟ್ ಕೆನಾಲ್ ಬಾಕಿ ಹಿಡಿದುಕೊಂಡಿರಲಿಕ್ಕಿಲ್ಲ, ಅಲ್ವಾ?

ಉಳಿದ 17 ಚಿತ್ರ ಒಂದು ಟೆಂಪೋದಲ್ಲಿ ಮನೆಗೆ ಬಂದವು. ಕುಂಕುಮದ್ದನ್ನು ಮಾತ್ರ ಯಾವುದಕ್ಕೂ ತಾಗಿಸುವ ಹಾಗಿಲ್ಲವಲ್ಲ, ನಾನೇ ಮುಂದಿನ ಸೀಟಿನಲ್ಲಿ ಕೂತು ತೊಡೆಯ ಮೇಲೆ ನಿಲ್ಲಿಸಿಕೊಂಡು ಬಂದೆ. ಹಾಲಿನಲ್ಲಿ ದಿವಾನದ ಮೇಲ್ಗಡೆ ನೇತುಹಾಕಿದೆವು. ಚೀಟಿಯನ್ನೂ ಅತ್ತೆಯೇ ತಂದು ಪಕ್ಕದಲ್ಲಿ ಅಂಟಿಸಿದರು. ಡಿಸೆಂಬರ್ ಹೊತ್ತಿಗೆ ಮೇಲ್ಪದರ ಒಣಗಿತು.

ಈಗ ಮನೆಗೆ ಯಾರು ಬಂದರೂ ಅತ್ತೆ ಮೊದಲು ಹೇಳುವ ಮಾತು ಒಂದೇ. "ಅದನ್ನ ಮುಟ್ಟಬೇಡಿ, ಮಾರಾಟ ಆಗಿರೋದು. ಅವರು ಬಂದು ತಗೊಂಡು ಹೋಗ್ತಾರೆ." ನಾನು ಒಂದೆರಡು ಸಲ ನಿಜ ಹೇಳಲು ನೋಡಿದೆ. ಕೇಳಿಸಿಕೊಳ್ಳಲಿಲ್ಲ. ಹೋದ ವಾರ ಗುಡಿಸುವಾಗ ಬೊಟ್ಟು ಉದುರಿ ನೆಲದ ಮೇಲೆ ಬಿದ್ದಿತ್ತು. ಕಸದ ಜೊತೆ ಎತ್ತಿ ಹಾಕಿದೆ. ಸಂಜೆ ನೋಡಿದರೆ ಚೀಟಿಯ ಮೇಲೆ ಹೊಸದೊಂದು ಬೊಟ್ಟು. ಈ ಸಲ ಮರೂನ್, ನಡುವೆ ಒಂದು ಕಲ್ಲು ಬೇರೆ.