ಡಿಕ್ಷನರಿಯ ಮೂರನೇ ಅಂಕಣ

ಇಂಗ್ಲಿಷ್ ಪದಕ್ಕೆ ಇಂಗ್ಲಿಷಿನಲ್ಲೂ ಉರ್ದುವಿನಲ್ಲೂ ಅರ್ಥ ಕೊಡುವ ಡಿಕ್ಷನರಿ ಓದುವವನ ಕಣ್ಣು ಒಂದೇ ಸಾಲಿನಲ್ಲಿ ಎರಡು ದಿಕ್ಕಿಗೆ ಓಡಬೇಕು. ಎಡಗಡೆ ಇಂಗ್ಲಿಷ್ ಪದ, ಅದರ ಮಗ್ಗುಲಿಗೆ ಅದು ನಾಮಪದವೋ ಕ್ರಿಯಾಪದವೋ ಎಂದು ಹೇಳುವ ಒಂದೆರಡು ಅಕ್ಷರ, ಆಮೇಲೆ ಇಂಗ್ಲಿಷಿನಲ್ಲೇ ಪುಟ್ಟದೊಂದು ವಿವರಣೆ. ಅಲ್ಲಿಯವರೆಗೆ ಪ್ರಯಾಣ ಎಡದಿಂದ ಬಲಕ್ಕೆ. ಅಷ್ಟರಲ್ಲಿ ಬಲದಂಚಿನಿಂದ ಮೂರನೇ ಅಂಕಣದ ಉರ್ದು ಎದುರು ಬರುತ್ತದೆ. ದಾವಣಗೆರೆಯಲ್ಲಿ ರೈಲ್ವೆ ಗೇಟು ತೆರೆದಾಗ ಎರಡೂ ಕಡೆಯ ಗಾಡಿಗಳು ಒಮ್ಮೆಗೇ ನುಗ್ಗಿದ ಹಾಗೆ, ಎರಡು ಲಿಪಿಗಳು ನಡುವೆ ಮುಖಾಮುಖಿ ನಿಲ್ಲುತ್ತವೆ. ಉರ್ದು ಅರ್ಥ ಉದ್ದವಾಗಿ ಎರಡನೇ ಸಾಲಿಗೆ ಇಳಿದರೆ ಆ ಸಾಲನ್ನೂ ಬಲದಂಚಿನಿಂದಲೇ ಹಿಡಿಯಬೇಕು. ಇಂಗ್ಲಿಷಿನ ಗುಂಗಿನಲ್ಲಿ ಎಡದಿಂದ ಹಿಡಿದರೆ ಅರ್ಥದ ಬಾಲ ಮೊದಲು ಬಂದು ತಲೆ ಆಮೇಲೆ ಬರುತ್ತದೆ.

ಈ ಸೀಮೆಯಲ್ಲಿ ಇಂಥ ಪುಸ್ತಕದ ಗಿರಾಕಿ ಹೆಚ್ಚಾಗಿ ಉರ್ದು ಮಾಧ್ಯಮದ ಹುಡುಗ ಹುಡುಗಿಯರು. ಆಜಾದ್ ನಗರದ ಮನೆಯಲ್ಲಿ ಆಡುವುದು ಈ ಕಡೆಯ ಆಡುಮಾತಾದ ದಖ್ಖನಿ ಉರ್ದು, ಶಾಲೆಯಲ್ಲಿ ಓದುವುದು ಕಿತಾಬಿ ಉರ್ದು, ಮಂಡಿಪೇಟೆಯಲ್ಲಿ ವ್ಯಾಪಾರಕ್ಕೆ ಕನ್ನಡ, ಪರೀಕ್ಷೆಗೆ ಇಂಗ್ಲಿಷು. ‘ಬೇಡ’ ಅನ್ನಲು ಮನೆಯಲ್ಲಿ ‘ನಕ್ಕೋ’, ‘ಹೌದು’ ಅನ್ನಲು ‘ಹೌ’, ‘ಯಾಕೆ’ ಅನ್ನಲು ‘ಕೈಕೂ’. ಪುಸ್ತಕದ ಉರ್ದು ಇವುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಅದಕ್ಕೆ ದೆಹಲಿ, ಲಖನೌ ಕಡೆಯ ಗತ್ತು. ಹೀಗಾಗಿ ಮೂರನೇ ಅಂಕಣ ಮನೆಮಾತಿನದು, ಅದನ್ನು ಓದಿದರೆ ಸಾಕು, ನಡುವಿನ ಇಂಗ್ಲಿಷ್ ವಿವರಣೆ ಮೇಷ್ಟ್ರಿಗಿರಲಿ ಎಂದುಕೊಂಡವರು ಮೊದಲ ವಾರದಲ್ಲೇ ಎಡವುತ್ತಾರೆ.

ಎಡವುವ ಜಾಗವೂ ಗೊತ್ತಿರುವಂಥದ್ದೇ. ‘ಫೈನ್’ ಪದದ ಮುಂದೆ ಉರ್ದುವಿನಲ್ಲಿ ಉಮ್ದಾ, ಬಾರೀಕ್, ಜುರ್ಮಾನಾ ಎಂದು ಮೂರು ಮಾತು ಸಾಲಾಗಿ ಕೂತಿರುತ್ತವೆ. ನಡುವೆ ಇರುವುದು ತಲೆಕೆಳಗಾದ ಅಲ್ಪವಿರಾಮ ಮಾತ್ರ. ಒಂದು ಸೊಗಸಾದದ್ದು, ಇನ್ನೊಂದು ಸಣ್ಣನೆಯದು, ಮತ್ತೊಂದು ದಂಡ. ಯಾವುದು ಯಾವಾಗ ಎಂದು ಉರ್ದು ಹೇಳುವುದಿಲ್ಲ, ನಡುವಿನ ಇಂಗ್ಲಿಷ್ ಹೇಳುತ್ತದೆ. ಅದನ್ನು ಹಾರಿದವರು ಮೊದಲ ಮಾತನ್ನೇ ಎತ್ತಿಕೊಂಡು, ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದವನಿಗೆ ಪೊಲೀಸರು ‘ಉಮ್ದಾ’ ಹಾಕಿದರು ಎಂದು ಬರೆಯುತ್ತಾರೆ. ‘ಇಂಟರೆಸ್ಟ್’ ಕತೆಯೂ ಹೀಗೆಯೇ. ದಿಲ್‌ಚಸ್ಪಿ ಮೊದಲು, ಸೂದ್ ಆಮೇಲೆ. ಮೊದಲನೆಯದು ಆಸಕ್ತಿ, ಎರಡನೆಯದು ಬಡ್ಡಿ. ಸಾಲಕ್ಕೆ ಬ್ಯಾಂಕು ಶೇಕಡಾ ಹತ್ತು ಆಸಕ್ತಿ ತೋರಿಸಿದರೆ ಯಾರಿಗೆ ಬೇಡ!

ಆದ್ದರಿಂದ ಹುಡುಕುವುದಕ್ಕೂ ಒಂದು ಕ್ರಮ ಬೇಕು. ಮೊದಲು ಪದವನ್ನು ಅದರ ಮೂಲ ರೂಪಕ್ಕೆ ಇಳಿಸಬೇಕು. ‘ಸ್ಟಡೀಡ್’ ಸಿಗದಿದ್ದರೆ ಕೊನೆಯ ಐ, ಇ, ಡಿ ತೆಗೆದು ವೈ ಹಚ್ಚಿ ನೋಡಬೇಕು. ‘ರೈಟಿಂಗ್’ಗೆ ಐಎನ್‌ಜಿ ತೆಗೆದು ಇ ಹಚ್ಚಬೇಕು. ‘ಲೈಯಿಂಗ್’ ಇರುವುದು ‘ಲೈ’ ಅಡಿಯಲ್ಲಿ. ಅಲ್ಲಿಯೂ ಸುಳ್ಳು ಹೇಳುವ ‘ಲೈ’ ಬೇರೆ, ಮಲಗುವ ‘ಲೈ’ ಬೇರೆ. ಮಲಗುವುದರ ಭೂತಕಾಲ ‘ಲೇ’, ಅದೇ ‘ಲೇ’ ಇನ್ನೊಂದು ಕಡೆ ಇಡುವುದು ಎಂಬ ಸ್ವತಂತ್ರ ಕ್ರಿಯಾಪದ. ಇಂಗ್ಲಿಷನ್ನು ಬೈಯಬೇಕೆನಿಸಿದರೆ ಇಲ್ಲಿ ಧಾರಾಳವಾಗಿ ಬೈಯಬಹುದು. ಪುಟದ ನೆತ್ತಿಯ ಮೇಲಿನ ಎರಡು ಪದ ಆ ಪುಟದ ಮೊದಲ ಮತ್ತು ಕೊನೆಯ ಪದ. ಅವನ್ನು ನೋಡಿಯೇ ಹಾಳೆ ತಿರುವಿದರೆ ಅರ್ಧ ಹೊತ್ತು ಉಳಿಯುತ್ತದೆ. ಆಮೇಲೆ ನಾಮಪದವೋ ಕ್ರಿಯಾಪದವೋ ನೋಡಿ, ಇಂಗ್ಲಿಷ್ ವಿವರಣೆ ಓದಿ, ಕೊನೆಗೆ ಉರ್ದುವಿಗೆ ಬರಬೇಕು. ಸಿಕ್ಕ ಉರ್ದು ಪದವನ್ನು ಪಾಠದ ವಾಕ್ಯದೊಳಗಿಟ್ಟು ಒಮ್ಮೆ ಗಟ್ಟಿಯಾಗಿ ಓದಿದರೆ, ಹೊಂದದ್ದು ಅಲ್ಲೇ ಹಲ್ಲಿಗೆ ಸಿಕ್ಕ ಕಲ್ಲಾಗುತ್ತದೆ.

ಇಂಗ್ಲಿಷ್ ವಿವರಣೆಯೇ ಪದಕ್ಕಿಂತ ಕಷ್ಟವಾದರೆ? ಅಗ್ಗದ ಪುಸ್ತಕಗಳಲ್ಲಿ ಈ ರೋಗ ಇದೆ. ಔಷಧಿಯೂ ಹಳೆಯದೇ. ಢಾಕಾದಲ್ಲಿ ಇಂಗ್ಲಿಷ್ ಕಲಿಸುವ ಕೆಲಸದಲ್ಲಿದ್ದ ಮೈಕೆಲ್ ವೆಸ್ಟ್ 1935ರಲ್ಲಿ ಬರೇ 1490 ಪದಗಳ ಬಂಡವಾಳದಲ್ಲಿ ಸುಮಾರು 24,000 ಪದ, ನುಡಿಗಟ್ಟುಗಳಿಗೆ ಅರ್ಥ ಬರೆದು ತೋರಿಸಿದರು. ಕೊಳ್ಳುವಾಗ ಗೊತ್ತಿರುವ ನಾಲ್ಕು ಪದಗಳನ್ನೇ ತೆಗೆದು ಓದಿ ನೋಡಬೇಕು. ಗೊತ್ತಿರುವ ಪದದ ವಿವರಣೆಯೇ ತಲೆಗೆ ಹೋಗದಿದ್ದರೆ ಪುಸ್ತಕವನ್ನು ಗೂಡಿಗೆ ವಾಪಸಿಡಬಹುದು.

ಇನ್ನು ಉರ್ದು ಬಾರದ ಕನ್ನಡಿಗರಿಗೆ ಈ ಮೂರನೇ ಅಂಕಣದಲ್ಲಿ ಏನಿದೆ ಎಂದರೆ, ನಮ್ಮ ತಾಲ್ಲೂಕು ಕಚೇರಿ ಇದೆ. ಯಾರಾದರೂ ಓದಿ ಹೇಳಿದರೆ ಸಾಕು, ಅಕ್ಷರ ಗೊತ್ತಿಲ್ಲದವರ ಕಿವಿಯೂ ನಿಮಿರುತ್ತದೆ. ಜುರ್ಮಾನಾ ನಮ್ಮ ಜುಲ್ಮಾನೆ. ‘ವಿದೌಟ್’ ಎಂಬಲ್ಲಿ ಬಗೈರ್ ಎಂದಿದೆ, ಹುಕುಮಿಲ್ಲದೆ ಉಳುವವರ ಬಗರ್ ಹುಕುಂ ಅದೇ. ಸಂತೇಬೆನ್ನೂರಿನ ಪುಷ್ಕರಣಿ ನೋಡಲು ಹೋದವರು ಎದುರಿನ ಮುಸಾಫಿರಖಾನೆಯನ್ನೂ ನೋಡಿರುತ್ತಾರೆ. ದಾರಿಹೋಕರ ತಂಗುದಾಣಕ್ಕೆ ಉರ್ದುವಿನಲ್ಲಿ ಇಂದಿಗೂ ಅದೇ ಮಾತು. ಕಿಟೆಲ್ 1894ರ ಕೋಶದಲ್ಲೇ ಇಂಥವನ್ನು ಹಿಂದುಸ್ತಾನಿಯಿಂದ ಬಂದವು ಎಂದು ಗುರುತು ಹಾಕಿ ಕೂರಿಸಿದ್ದಾರೆ.

ಆದರೆ ನೆಂಟಸ್ತಿಕೆ ನಂಬಿ ಹೆಜ್ಜೆ ಇಟ್ಟರೆ ಜಾರುವುದೂ ಇಲ್ಲೇ. ಕನ್ನಡದಲ್ಲಿ ಕೆಲಸ ಬಿಡುವವನು ಕೊಡುವುದು ರಾಜೀನಾಮೆ. ಉರ್ದುವಿನಲ್ಲಿ ರಾಜೀನಾಮಾ ಎಂದರೆ ಎರಡು ಕಡೆಯವರು ಒಪ್ಪಿ ಬರೆದ ರಾಜಿ ಪತ್ರ. ಕೆಲಸ ಬಿಡುವುದಕ್ಕೆ ಅಲ್ಲಿ ಇಸ್ತೀಫಾ. ಮುಂಬೈ ಸೀಮೆಯ ಹಳೆ ಕಂದಾಯ ಕಾಗದಗಳಲ್ಲಿ ರೈತ ಜಮೀನು ಬಿಟ್ಟುಕೊಡಲು ಬರೆದುಕೊಡುತ್ತಿದ್ದುದೂ ರಾಜೀನಾಮೆಯೇ, ನಮ್ಮ ಅರ್ಥ ಆ ಕಡೆಗೆ ವಾಲಿದೆ. ದರಖಾಸ್ತು ಎಂದರೆ ಉರ್ದುವಿನಲ್ಲಿ ಯಾವ ಅರ್ಜಿಯಾದರೂ ಸರಿ, ರಜೆ ಅರ್ಜಿಯೂ ದರ್ಖಾಸ್ತೇ. ಚಿತ್ರದುರ್ಗದ ರೈತನಿಗೆ ಅದು ಸರ್ಕಾರದಿಂದ ಮಂಜೂರಾಗುವ ಜಮೀನು ಮಾತ್ರ. ಕಾಯಿದೆ ಎಂದರೆ ನಮಗೆ ವಿಧಾನಸೌಧದಲ್ಲಿ ಪಾಸಾಗುವಂಥದ್ದು. ಉರ್ದುವಿನಲ್ಲಿ ಕಾಯಿದಾ ಎಂದರೆ ನಿಯಮ, ಜೊತೆಗೆ ಅಕ್ಷರಮಾಲೆಯ ಮೊದಲ ಪುಸ್ತಕ. ಬೆಳಗ್ಗೆ ಬೆಳಗ್ಗೆ ಐದು ವರ್ಷದ ಪೋರರು ಕಾಯಿದೆಯನ್ನು ಕಂಕುಳಲ್ಲಿ ಇರುಕಿಕೊಂಡು ಮದರಸಾಕ್ಕೆ ಓಡುತ್ತಾರೆ, ವಕೀಲರಿಗೂ ಅಷ್ಟು ಆತುರ ಇರುವುದಿಲ್ಲ.

ಜಮೀನು, ಜಾಮೀನು ನೋಡಿ. ಕನ್ನಡದಲ್ಲಿ ಒಂದು ದೀರ್ಘದ ಅಂತರ, ಪತ್ರಿಕೆಯವರೂ ಆಗೀಗ ಒಂದರ ಜಾಗದಲ್ಲಿ ಇನ್ನೊಂದು ಕೊಡುತ್ತಾರೆ. ಉರ್ದುವಿನಲ್ಲಿ ಇವೆರಡೂ ಅಕ್ಷರಮಾಲೆಯ ಬೇರೆ ಬೇರೆ ಕೇರಿಯವು. ಜಮೀನಿಗೆ ‘ಜೇ’, ಜಾಮಿನ್‌ಗೆ ‘ಜ್ವಾದ್’. ಒಂದೇ ಸದ್ದಿಗೆ ‘ಜಾಲ್’, ‘ಜೋಯ್’ ಎಂಬ ಇನ್ನೆರಡೂ ಇವೆ. ಉರ್ದು ಮಾತಾಡುವವರಿಗೂ ಬರೆಯುವಾಗ ಕೈ ನಡುಗುವುದು ಇಲ್ಲಿ. ಅರ್ಥ ಕಲಿತರೆ ಸಾಲದು, ಯಾವ ‘ಜ’ ಎಂದು ನೋಟುಬುಕ್ಕಿನಲ್ಲಿ ನಕಲು ಮಾಡಿಕೊಳ್ಳಲೇಬೇಕು. ದಿನಕ್ಕೆ ಐದಾರು ಪದ ಸಾಕು. ಇಪ್ಪತ್ತು ಬರೆದವರು ಮಾರನೇ ದಿನ ಹದಿನೈದು ಮರೆತಿರುತ್ತಾರೆ.

ಉಚ್ಚಾರಣೆಗೆ ಉರ್ದು ಲಿಪಿ ನಂಬಬಹುದೇ? ಅರ್ಧ ನಂಬಬಹುದು. ‘ಮೆಷರ್’, ‘ಪ್ಲೆಷರ್’ಗಳ ನಡುವಿನ ಸದ್ದಿಗೆ ಉರ್ದುವಿನಲ್ಲಿ ‘ಝೇ’ ಎಂಬ ಅಕ್ಷರವೇ ಇದೆ, ನಮ್ಮಲ್ಲಿಲ್ಲ. ಆದರೆ ಹ್ರಸ್ವ ಸ್ವರಗಳನ್ನು ಬರೆಯುವ ರೂಢಿ ಇಲ್ಲ. ಅವನ್ನು ತೋರಿಸುವ ಜೇರ್, ಜಬರ್ ಗುರುತು ಹಾಕದಿದ್ದರೆ ‘ಬಿಟ್’ ಮತ್ತು ‘ಬಟ್’ ಕಣ್ಣಿಗೆ ಒಂದೇ. ಸ ಕಾರದ ಒತ್ತಕ್ಷರದಿಂದ ಶುರುವಾಗುವ ಪದಕ್ಕೆ ಮುಂದೊಂದು ಅಲಿಫ್ ಅಕ್ಷರ ಬರುವುದರಿಂದ ಸ್ಟೇಷನ್ನು ‘ಇಸ್ಟೇಶನ್’ ಆಗುತ್ತದೆ. ನಗುವ ಕನ್ನಡಿಗರು ತಮ್ಮ ‘ಬಸ್ಸು’, ‘ಸ್ಕೂಲು’ಗಳ ಬಾಲ ನೋಡಿಕೊಳ್ಳಲಿ. ಒಬ್ಬರು ಮುಂದೆ ಹಚ್ಚುತ್ತಾರೆ, ಇನ್ನೊಬ್ಬರು ಹಿಂದೆ. ಲೆಕ್ಕ ಚುಕ್ತಾ.

ವಿಜ್ಞಾನದ ಪದಗಳು ಬಂದಾಗ ಮಾತ್ರ ಮೂರನೇ ಅಂಕಣ ಯಾರ ಮನೆಯದೂ ಅಲ್ಲ. ಹೈದರಾಬಾದಿನಲ್ಲಿ 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಗುವ ಮುಂಚಿನ ವರ್ಷವೇ ಅನುವಾದಕ್ಕೆಂದು ಒಂದು ಕಚೇರಿ ತೆರೆದರು. ಅರಬ್ಬಿ, ಪಾರಸಿ ಧಾತುಗಳಿಂದ ಅಲ್ಲಿ ರಾಶಿ ರಾಶಿ ಪದ ಎರಕ ಹೊಯ್ದರು. ಆ ಕೆಲಸದಲ್ಲಿದ್ದ ಮೌಲವಿ ಅಬ್ದುಲ್ ಹಕ್ ಅವರ ಇಂಗ್ಲಿಷ್-ಉರ್ದು ಕೋಶ 1937ರಲ್ಲಿ ಬಂತು. ಥರ್ಮಾಮೀಟರಿಗೆ ಮಿಕ್ಯಾಸುಲ್ ಹರಾರತ್, ಫೋಟೋಸಿಂಥೆಸಿಸ್‌ಗೆ ಜಿಯಾಯಿ ತಾಲೀಫ್. ಕನ್ನಡ ಮಾಧ್ಯಮದ ಪಕ್ಕದ ಶಾಲೆಯಲ್ಲಿ ಅದೇ ಎಲೆಯನ್ನು ತೋರಿಸಿ ದ್ಯುತಿಸಂಶ್ಲೇಷಣೆ ಎನ್ನುತ್ತಾರೆ. ಇಂಥ ಪದಕ್ಕೆ ಇಂಗ್ಲಿಷ್ ವಿವರಣೆಯೇ ಸಲೀಸು: ಗಿಡ ಬೆಳಕಿನಿಂದ ಆಹಾರ ಮಾಡಿಕೊಳ್ಳುತ್ತದೆ, ಅಷ್ಟೇ.

ಈಗ ಹೆಚ್ಚಿನವರು ನೋಡುವುದು ಫೋನಿನಲ್ಲಿ. ಇಂಗ್ಲಿಷ್, ಉರ್ದು ಎರಡನ್ನೂ ಒಂದೇ ಸಾಲಿನಲ್ಲಿ ಅಂಟಿಸಿದರೆ ಪದ, ಅಲ್ಪವಿರಾಮ, ಆವರಣ ಎಲ್ಲ ಜಾಗ ಬದಲಿಸಿ ಕೂರುತ್ತವೆ. ಉರ್ದುವನ್ನು ಕೆಳಗಿನ ಸಾಲಿನಲ್ಲಿ ಬೇರೆ ಅಂಟಿಸಿದರೆ ತಂಟೆ ಇಲ್ಲ. ಇನ್ನೊಂದು ತೊಡಕು ಕೀಲಿಮಣೆಯದು. ಫೋನಿನ ಸೆಟ್ಟಿಂಗಿನಲ್ಲಿ ಉರ್ದು ಎಂದು ಅರೇಬಿಕ್ ಆರಿಸಿಕೊಂಡವರು ಬಹಳ. ಅರೇಬಿಕ್ಕಿನ ‘ಕಾಫ್’ ಮತ್ತು ‘ಯೇ’ ಪದದ ನಡುವೆ ಉರ್ದುವಿನವುಗಳಂತೆಯೇ ಕಾಣುತ್ತವೆ, ಯಂತ್ರದ ಲೆಕ್ಕದಲ್ಲಿ ಬೇರೆ ಅಕ್ಷರಗಳು. ಆಗ ‘ಕಿತಾಬ್’ ಎಂಬ ಪದವೂ ಕೋಶದಲ್ಲಿಲ್ಲ ಎಂದು ಪರದೆ ಹೇಳಿಬಿಡಬಹುದು. ಪದ ಅಲ್ಲೇ ಇದೆ, ಕೀಲಿಮಣೆಯನ್ನು ಉರ್ದುವಿಗೆ ಬದಲಿಸಿ ಮತ್ತೆ ಹೊಡೆಯಬೇಕು.