ಚಾಸಿ ಫೋರ್ಡಿನದು, ಬಾಡಿ ಯಾರದು?

ಹಳೇ ಕಾರಿನ ಹುಚ್ಚಿರುವ ಗೆಳೆಯನೊಬ್ಬ ಮೊನ್ನೆ ಒಂದು ಫೋಟೋ ಕಳಿಸಿದ. ಮುಂದೆ ಕಪ್ಪು ಬಾನೆಟ್ಟು, ಹಿಂದೆ ಪೂರ್ತಿ ಮರ. ಜೇನುತುಪ್ಪದ ಬಣ್ಣದ ವಾರ್ನಿಷ್, ಸಾಲಾಗಿ ಬೆಂಚು, ಕಿಟಕಿಗೆ ಗಾಜಿನ ಬದಲು ಸುತ್ತಿಟ್ಟ ಕ್ಯಾನ್ವಾಸ್ ಪರದೆ. ಕೆಳಗೆ 'ಫೋರ್ಡ್ ಮಾಡೆಲ್ ಟಿ ಸ್ಟೇಷನ್ ವ್ಯಾಗನ್' ಅಂತ ಬರೆದಿದ್ದ. ನಾನು ಜೂಮ್ ಮಾಡಿ ನೋಡಿದೆ. ಮರದ ಮೇಲೆ ಸಣ್ಣದೊಂದು ಬಿಲ್ಲೆ. ಜೆ.ಟಿ. ಕಾಂಟ್ರೆಲ್, ಹಂಟಿಂಗ್ಟನ್, ನ್ಯೂಯಾರ್ಕ್. ಬಾಡಿ ಕಟ್ಟಿದವರ ಹೆಸರು, ಊರು.

ನನ್ನ ತಕರಾರು ಇಲ್ಲಿಂದಲೇ ಶುರು. ಆ ಗಾಡಿಯಲ್ಲಿ ಕಣ್ಣಿಗೆ ಕಾಣುವ ಮುಕ್ಕಾಲು ಭಾಗ ಫೋರ್ಡ್ ಮಾಡಿದ್ದೇ ಅಲ್ಲ. ಮಾಡೆಲ್ ಟಿ 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾಯಿತು. ಆದರೆ ಫೋರ್ಡಿನವರ ಪಟ್ಟಿಯಲ್ಲಿ ಸ್ಟೇಷನ್ ವ್ಯಾಗನ್ ಅನ್ನುವುದೇ ಇರಲಿಲ್ಲ. ಬೇಕಾದವರು ಬರೀ ಚಾಸಿ, ಅಂದರೆ ಎಂಜಿನ್ನು, ಚಕ್ರ ಇರುವ ಅಡಿಕಟ್ಟು ಮಾತ್ರ ತಗೊಂಡು ಊರಿನ ಬಾಡಿ ಕಟ್ಟುವವರ ಹತ್ತಿರ ಹೋಗುತ್ತಿದ್ದರು. ನಮ್ಮಲ್ಲಿ ಲಾರಿಗೆ ಮಾಡಿಸುತ್ತಾರಲ್ಲ, ಥೇಟ್ ಹಾಗೇ. ತಲೆಗೆ ಟವೆಲ್ ಸುತ್ತಿಕೊಂಡ ಡ್ರೈವರು ಬೋಳು ಚಾಸಿಯ ಮೇಲೆ ಕೂತು ಹೈವೇಯಲ್ಲಿ ಹೋಗುವುದನ್ನು ನೀವೂ ನೋಡಿರುತ್ತೀರಿ.

ಹಂಟಿಂಗ್ಟನ್ ಇರುವುದು ಲಾಂಗ್ ಐಲೆಂಡಿನಲ್ಲಿ. ನ್ಯೂಯಾರ್ಕಿನ ದುಡ್ಡಿದ್ದವರು ಬೇಸಿಗೆ ಕಳೆಯಲು ರೈಲಿನಲ್ಲಿ ಅಲ್ಲಿಗೆ ಬರುತ್ತಿದ್ದರು. ಜೊತೆಗೆ ಮೂರು ತಿಂಗಳಿಗಾಗುವಷ್ಟು ಪೆಟ್ಟಿಗೆ, ಟ್ರಂಕು. ಅವರನ್ನು ಸ್ಟೇಷನ್ನಿನಿಂದ ಮನೆಗೋ ಹೋಟೆಲಿಗೋ ಮುಟ್ಟಿಸಲು ಮೊದಲು ಕುದುರೆಗಾಡಿ ಇತ್ತು, ನಮ್ಮ ಜಟಕಾ ಇದ್ದ ಹಾಗೆ. ಆ ಕೆಲಸಕ್ಕೆ ಮೋಟಾರು ಬಂದಾಗ ಅದನ್ನು 'ಡಿಪೋ ಹ್ಯಾಕ್' ಅಂದರು. ಡಿಪೋ ಅಂದರೆ ಅವರ ಭಾಷೆಯಲ್ಲಿ ರೈಲ್ವೆ ಸ್ಟೇಷನ್ನು, ಹ್ಯಾಕ್ ಅಂದರೆ ಬಾಡಿಗೆ ಗಾಡಿ. ಸ್ಟೇಷನ್ ವ್ಯಾಗನ್ ಅನ್ನುವ ಹೆಸರೂ ಅಲ್ಲಿಂದಲೇ ಬಂತು. ಬೆಂಚುಗಳನ್ನು ಎತ್ತಿ ಆಚೆ ಇಡಬಹುದಿತ್ತು. ಹಾಗಾಗಿ ಬೆಳಿಗ್ಗೆ ಸಾಮಾನು, ಸಂಜೆ ಜನ.

ಈ ಬಾಡಿಗಳ ಮರಗೆಲಸ ನೋಡಬೇಕು ನೀವು. ಚೌಕಟ್ಟಿಗೆ ಸಾಮಾನ್ಯವಾಗಿ ಆಶ್ ಮರ. ಅಮೆರಿಕದವರು ಬಹಳ ಕಾಲ ಬೇಸ್‌ಬಾಲ್ ಬ್ಯಾಟು ಮಾಡುತ್ತಿದ್ದುದೂ ಅದರಲ್ಲೇ. ಬಾಗುತ್ತದೆ, ಏಟು ತಡೆಯುತ್ತದೆ, ಸ್ಕ್ರೂ ಹಿಡಿದುಕೊಳ್ಳುತ್ತದೆ. ಮಣ್ಣು ರಸ್ತೆಯಲ್ಲಿ ಚಾಸಿ ಸೊಟ್ಟ ತಿರುಚಿದಾಗಲೆಲ್ಲ ಮೇಲಿನ ಕಟ್ಟೂ ಸ್ವಲ್ಪ ಬಳುಕಬೇಕು, ಇಲ್ಲದಿದ್ದರೆ ಸೀಳು ಬಿಡುತ್ತದೆ. ಒಂದು ತುಂಡಿಗೆ ತೂತು ಕೊರೆದು ಇನ್ನೊಂದರ ತುದಿಯನ್ನು ಅದರೊಳಗೆ ಬಿಗಿಯಾಗಿ ಕೂರಿಸುವುದು, ನಮ್ಮ ಆಚಾರಿಗಳು ಬಾಗಿಲ ಚೌಕಟ್ಟಿಗೆ ಮಾಡುತ್ತಾರಲ್ಲ, ಅದೇ ಕೆಲಸ. ಮಾಡಿಗೆ ಮರದ ರೀಪರು, ಅದರ ಮೇಲೆ ನೀರು ಇಳಿಯದ ಬಟ್ಟೆ.

ಹಾಳಾಗುವುದೂ ಬಾಗಿಲಿನ ಹಾಗೇ, ಕೆಳಗಿನಿಂದ. ವಾರ್ನಿಷ್ ಕೂದಲೆಳೆಯಷ್ಟು ಬಿರಿದರೆ ಸಾಕು, ನೀರು ಒಳಗೆ ಹೋಗುತ್ತದೆ. ಮೊದಲು ಕಪ್ಪು ಕಲೆ. ಆಮೇಲೆ ಸ್ಕ್ರೂ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ತಿನ್ನುತ್ತದೆ. ಕೊನೆಗೆ ಬೆರಳಿಂದ ಒತ್ತಿದರೆ ಪುಡಿ. ನಮ್ಮನೆ ಬಚ್ಚಲಿನ ಬಾಗಿಲು ಹೀಗೇ ಹೋಯಿತು. ಅದಕ್ಕೇ ವರ್ಷಕ್ಕೊಮ್ಮೆ ಉಜ್ಜಿ ಹೊಸದಾಗಿ ವಾರ್ನಿಷ್ ಹೊಡೆಯಿರಿ ಅಂತ ಹೇಳುತ್ತಿದ್ದರು. ಎಷ್ಟು ಜನ ಹೊಡೆಸಿರುತ್ತಾರೆ?

ಫೋರ್ಡ್ ತನ್ನದೇ ಹೆಸರಲ್ಲಿ ವ್ಯಾಗನ್ ಮಾರಲು ಶುರು ಮಾಡಿದ್ದು 1929ರಲ್ಲಿ, ಮಾಡೆಲ್ ಎ ಮೇಲೆ. ಮೇಪಲ್ ಕಟ್ಟು, ಬರ್ಚ್ ಹಲಗೆ. ಮರ ಬಂದಿದ್ದು ಮಿಶಿಗನ್ನಿನ ಐರನ್ ಮೌಂಟನ್ ಹತ್ತಿರದ ಕಾಡಿನಿಂದ, ಅಲ್ಲಿ ಫೋರ್ಡಿಗೆ ಸ್ವಂತ ಸಾಮಿಲ್ಲೇ ಇತ್ತು. ಆದರೆ ಬಾಡಿ ಜೋಡಿಸಿದ್ದು ಆಗಲೂ ಹೊರಗಿನವರೇ, ಡೆಟ್ರಾಯಿಟಿನ ಮರ್ರಿ ಕಂಪನಿ.

ಆ ಸಾಮಿಲ್ಲಿನದು ಒಂದು ಮಜಾ ಕತೆ. ರಾಶಿ ಬೀಳುತ್ತಿದ್ದ ತುಂಡು, ಹೊಟ್ಟು ಬಿಸಾಡಲು ಹೆನ್ರಿ ಫೋರ್ಡ್‌ಗೆ ಮನಸ್ಸು ಬರಲಿಲ್ಲ. ಸುಟ್ಟು, ಒತ್ತಿ, ಇದ್ದಿಲಿನ ಬಿಲ್ಲೆ ಮಾಡಿಸಿ ತನ್ನ ಕಾರು ಡೀಲರುಗಳ ಮೂಲಕವೇ ಮಾರಿಸಿದ. ಅಲ್ಲಿ ಅವನಿಗೆ ಕಾಡು ಕೊಡಿಸಿದ್ದವನು ಎಡ್ವರ್ಡ್ ಕಿಂಗ್ಸ್‌ಫರ್ಡ್, ಫೋರ್ಡಿನ ಸೋದರಸಂಬಂಧಿಯ ಗಂಡ. ಈಗ ಅಮೆರಿಕದಲ್ಲಿರುವ ನಮ್ಮವರು ಹಿತ್ತಲಲ್ಲಿ ಬಾರ್ಬೆಕ್ಯೂಗೆ ಸುರಿಯುವ ಕಿಂಗ್ಸ್‌ಫರ್ಡ್ ಇದ್ದಿಲು ಅದೇ. ಉಳಿದ ಚೂರಿನ ಹೆಸರು ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. ಬಾಡಿ ಕಟ್ಟಿದವರ ಹೆಸರು ಹೇಳಿದರೆ 'ಯಾರದು?' ಅನ್ನುತ್ತಾರೆ.

ಎಷ್ಟೊಂದು ಜನ ಇದ್ದರು ಗೊತ್ತಾ? ಇಂಡಿಯಾನಾದ ಟೆಲ್ ಸಿಟಿ ಅನ್ನುವ ಪುಟ್ಟ ಊರಲ್ಲಿ ಪ್ಲಿಮತ್ ವ್ಯಾಗನ್ನಿಗೆ ಬಾಡಿ ಕಟ್ಟುತ್ತಿದ್ದರು. ಮಿಶಿಗನ್ನಿನ ಅಯೋನಿಯಾದಲ್ಲಿ ಬ್ಯುಯಿಕ್ಕಿಗೆ. ಕಾಂಟ್ರೆಲ್ಲಿನವರು ಫೋರ್ಡಿನ ನಂತರ ಡಾಜ್, ಷೆವರ್ಲೆ, ಪ್ಯಾಕಾರ್ಡಿಗೂ ಕಟ್ಟಿದರು. ಪ್ಯಾಕಾರ್ಡ್ ಅಂದರೆ ಆ ಕಾಲದ ಶ್ರೀಮಂತರ ಕಾರು. ಹಾಲಿನ ಕ್ಯಾನು ಹೊರಬಲ್ಲ ಗಾಡಿ ನೋಡನೋಡುತ್ತಲೇ ಎಸ್ಟೇಟ್ ಬಂಗಲೆ ಮುಂದೆ ನಿಲ್ಲುವ ಗಾಡಿಯಾಯಿತು.

ಸ್ಟೀಲ್ ಬಂದಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಮಳೆಗೆ ಉಬ್ಬಲ್ಲ, ಕಿರ್ ಅನ್ನಲ್ಲ, ಗುದ್ದಿದರೆ ಸೌದೆ ಆಗಲ್ಲ. 1935ರ ಷೆವರ್ಲೆ ಸಬರ್ಬನ್ ಪೂರ್ತಿ ಸ್ಟೀಲು. 1946ರ ವಿಲ್ಲಿಸ್ ಜೀಪ್ ವ್ಯಾಗನ್ನೂ ಸ್ಟೀಲೇ. ಆದರೆ ಅದಕ್ಕೆ ಮರದ ಹಲಗೆಯ ಹಾಗೆ ಕಾಣುವಂತೆ ಬಣ್ಣ ಬಳಿದರು! 1953ರ ಬ್ಯುಯಿಕ್ ಎಸ್ಟೇಟ್ ವ್ಯಾಗನ್ನಿಗೆ ಅಮೆರಿಕದ ದೊಡ್ಡ ಕಂಪನಿಗಳ ನಿಜವಾದ ಮರದ ಬಾಡಿ ಮುಗಿಯಿತು. ಮುಂದೆ ದಶಕಗಟ್ಟಲೆ ಮರದ ಚಿತ್ರದ ಸ್ಟಿಕ್ಕರ್. ಕಾರಿಗೆ ಸನ್‌ಮೈಕಾ ಹೊಡೆದ ಹಾಗೆ. ಬಡಗಿ ಬೇಡ, ಬಡಗಿ ಕೆಲಸದ ಗತ್ತು ಮಾತ್ರ ಬೇಕು. ನನಗೆ ಬೇಜಾರಾಗುವುದು ಇದಕ್ಕೆ.

ನಮ್ಮ ಲಾರಿಗಳೇ ವಾಸಿ. ಮುಂದೆ ಕಂಪನಿ ಹೆಸರು ಎಷ್ಟೇ ದೊಡ್ಡದಿರಲಿ, ಬಾಡಿ ಕಟ್ಟಿದವರು ಎಲ್ಲೋ ಒಂದು ಕಡೆ ತಮ್ಮ ಹೆಸರು, ಊರು, ಫೋನ್ ನಂಬರ್ ಬರೆಸಿಯೇ ಕಳಿಸುತ್ತಾರೆ.

ಗೆಳೆಯನಿಗೆ ಬರೆದೆ: 'ಕಾಂಟ್ರೆಲ್ ಸ್ಟೇಷನ್ ವ್ಯಾಗನ್, ಹಂಟಿಂಗ್ಟನ್. ಚಾಸಿ ಫೋರ್ಡಿನದು. ಹೀಗೆ ತಿದ್ದು.' ಹೆಬ್ಬೆರಳು ಒತ್ತಿ ಸುಮ್ಮನಾದ. ತಿದ್ದಿಲ್ಲ.