ಕಣ್ಣು ಮುಚ್ಚಿ, ತಾಯಿಯನ್ನು ನೆನೆಸಿಕೊಳ್ಳಿ

ಭಾನುವಾರದಿಂದ ತಲೆ ಕೆಟ್ಟಿದೆ. ಮೂರು ದಿನ ಬಾಯಿ ಕಟ್ಟಿಕೊಂಡಿದ್ದೆ, ಇನ್ನು ಆಗಲ್ಲ.

ಭಾನುವಾರ ಬೆಳಿಗ್ಗೆ ನಾನೆಲ್ಲಿರ್ತೀನಿ ಅಂತ ನಿಮಗೆ ಗೊತ್ತೇ ಇದೆ. ಬಾಲಕಿಯರ ಬಾಲಮಂದಿರ, ಹತ್ತರಿಂದ ಹನ್ನೆರಡು, ಗಣಿತ. ಈ ಸಲ ಹೋದರೆ ಪಾಠ ಇಲ್ಲ, ‘ಕಾರ್ಯಕ್ರಮ’ ಅಂತೆ. ಯಾರದೋ ಮಗನ ಹುಟ್ಟುಹಬ್ಬ. ಕೇಕು, ಬ್ಯಾನರು, ಜೊತೆಗೊಬ್ಬ ವ್ಯಕ್ತಿತ್ವ ವಿಕಸನದ ಭಾಷಣಕಾರ. ಮೈಕ್ ಹಿಡಿದು ಹತ್ತು ನಿಮಿಷ ‘ನೀವೆಲ್ಲ ಸಿಂಹಿಣಿಯರು’ ಅಂದ. ಇರಲಿ, ಅದರಿಂದ ಯಾರ ಗಂಟೂ ಹೋಗಲ್ಲ. ಆಮೇಲೆ ಮೊಬೈಲಿನಲ್ಲಿ ಕೊಳಲು ಹಾಕಿ, ‘ಎಲ್ಲರೂ ಕಣ್ಣು ಮುಚ್ಚಿ. ಹೆತ್ತ ತಾಯಿಯ ಮುಖ ನೆನೆಸಿಕೊಳ್ಳಿ. ಆ ತಾಯಿಗೆ ನೀವು ಎಷ್ಟು ನೋವು ಕೊಟ್ಟಿದ್ದೀರಿ?’ ಅಂತ ಶುರು ಮಾಡಿದ.

ಸ್ವಾಮೀ, ಬಾಲಮಂದಿರದಲ್ಲಿ!

ಒಬ್ಬಳ ತಾಯಿ ಸತ್ತಿದ್ದಾಳೆ. ಒಬ್ಬಳನ್ನು ತಾಯಿಯೇ ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿ ಹೋಗಿದ್ದಾಳೆ. ಇನ್ನೊಬ್ಬಳ ತಾಯಿಗೆ ಮನೆಯಲ್ಲಿ ನಡೆಯುತ್ತಿದ್ದದ್ದೆಲ್ಲ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದಳು. ನೋವು ಕೊಟ್ಟವರು ಇವರಂತೆ! ಮುಂದಿನ ಸಾಲಿನ ಪುಟ್ಟಿ ಮೊದಲು ಅತ್ತಳು, ಆಮೇಲೆ ಹಾಲ್‌ನಲ್ಲಿದ್ದವರೆಲ್ಲ. ಆರನೇ ಕ್ಲಾಸಿನವಳೊಬ್ಬಳು ಮಾತ್ರ ಅಳಲಿಲ್ಲ. ಜಮಖಾನದ ಅಂಚಿನ ದಾರ ಒಂದೊಂದೇ ಕಿತ್ತು ಬೆರಳಿಗೆ ಸುತ್ತಿಕೊಳ್ತಿದ್ದಳು, ಬೆರಳ ತುದಿ ನೀಲಿಗಟ್ಟೋವರೆಗೆ. ಭಾಷಣಕಾರನಿಗೆ ಅದು ಕಾಣಲಿಲ್ಲ. ‘ನೋಡಿ, ಮಕ್ಕಳ ಮನಸ್ಸು ಕರಗಿತು’ ಅಂತ ದಾನಿಗಳ ಕಡೆ ತಿರುಗಿ ನಕ್ಕ.

ಹನ್ನೆರಡೂವರೆಗೆ ಫೋಟೊ. ಒಂದು ಗಂಟೆಗೆ ಕಾರುಗಳೆಲ್ಲ ಖಾಲಿ.

ರಾತ್ರಿ ಅಲ್ಲಿ ಇದ್ದದ್ದು ಒಬ್ಬ ಗೃಹಮಾತೆ. ಇಬ್ಬರು ಹಾಸಿಗೆ ಒದ್ದೆ ಮಾಡಿಕೊಂಡರು, ಒಬ್ಬಳು ಮನೆಗೆ ಹೋಗ್ಬೇಕು ಅಂತ ಗೇಟಿನ ಹತ್ತಿರ ಹೋಗಿ ಕೂತಳು. ಸೋಮವಾರ ಫೋನ್ ಮಾಡಿ, ‘ಮೇಡಂ, ಇಂಥವರನ್ನ ಒಳಗೆ ಬಿಡಬೇಡಿ ಅಂತ ನೀವಾದ್ರೂ ಹೇಳಿ’ ಅಂದರು. ನಾನು ಹೇಳಿದರೆ ಕೇಳೋರು ಯಾರು? ನಾನು ಲಸಾಅ ಮಸಾಅ ಹೇಳಿಕೊಡೋಳು.

‘ಅತ್ತರೆ ಹಗುರ ಆಗುತ್ತೆ ಬಿಡೆ’ ಅಂದಳು ನಮ್ಮಕ್ಕ. ಹೌದು ಕಣಕ್ಕಾ, ಆಗುತ್ತೆ. ನೀನು ಅಪ್ಪ ಹೋದಾಗ ಅಡುಗೆಮನೆಯಲ್ಲಿ ಚಿಕ್ಕಮ್ಮನ ಹೆಗಲ ಮೇಲೆ ಅತ್ತೆ. ಆರ್ಕೆಸ್ಟ್ರಾದವನು ಬಂದು ಮೈಕಿನಲ್ಲಿ ಅಳಿಸಿದ್ದರೆ ಹಗುರ ಆಗ್ತಿತ್ತಾ? ಮಕ್ಕಳಿಗೆ ಒಂದು ತುಂಡು ಕೇಕಾದರೂ ಸಿಕ್ಕಿತಲ್ಲ ಅನ್ನೋರೂ ಇದ್ದಾರೆ. ಕೇಕು ಕೊಡಿ, ಬೇಡ ಅಂದೋರ್ಯಾರು. ಕೇಕು ಕೊಟ್ಟು ಹೋಗಿ.

ಈ ಮಕ್ಕಳು ಕಥೆ ಹೇಳಿ ಹೇಳಿ ಸೋತಿದ್ದಾರೆ. 1098 ಮಕ್ಕಳ ಸಹಾಯವಾಣಿಯವರಿಗೆ, ಪೊಲೀಸರಿಗೆ, ಮಕ್ಕಳ ಕಲ್ಯಾಣ ಸಮಿತಿಗೆ, ಡಾಕ್ಟರಿಗೆ, ಕೆಲವರು ಮ್ಯಾಜಿಸ್ಟ್ರೇಟರಿಗೂ. ಆಮೇಲೆ ಆಪ್ತ ಸಮಾಲೋಚಕಿಗೆ. ಅವರು ಗುತ್ತಿಗೆಯವರು, ಸಂಬಳ ತಡವಾದರೆ ಬೇರೆ ಕೆಲಸ ನೋಡ್ಕೊಳ್ತಾರೆ, ಅವರನ್ನು ಬೈಯೋಕಾಗಲ್ಲ. ಎರಡು ವರ್ಷದಲ್ಲಿ ಮೂರನೆಯವರು ಬಂದ ದಿನ ಒಬ್ಬ ಹುಡುಗಿ ಕೇಳಿದಳು: ‘ಮಿಸ್, ಇವರಿಗೂ ಮೊದಲಿಂದ ಹೇಳ್ಬೇಕಾ?’

ಉತ್ತರ ನನ್ನ ಹತ್ತಿರ ಇರಲಿಲ್ಲ. ಯಾಕಂದ್ರೆ (ಇದನ್ನ ಇಲ್ಲಿವರೆಗೆ ಯಾರಿಗೂ ಹೇಳಿರಲಿಲ್ಲ) ನಾನೂ ಹಾಗೇ ಮಾಡಿದವಳು. ಮಾವನವರಿಗೆ ಹುಷಾರಿಲ್ಲದ ವರ್ಷ ನಾಲ್ಕು ತಿಂಗಳು ಹೋಗಲಿಲ್ಲ, ಬರಲ್ಲ ಅಂತ ಹೇಳಿಯೂ ಇರಲಿಲ್ಲ. ಮತ್ತೆ ಹೋದಾಗ ಯಾವಾಗಲೂ ಮುಂದೆ ಕೂರುತ್ತಿದ್ದವಳು ಕಿಟಕಿ ಹತ್ತಿರ ಬೆನ್ನು ಹಾಕಿ ಕೂತಿದ್ದಳು. ಏಳು ಭಾನುವಾರ ಹಾಗೇ. ಎಂಟನೇ ವಾರ ಪುಸ್ತಕ ತಂದು ಮುಂದಿಟ್ಟು, ‘ಭಾಗಾಕಾರ ಮರೆತೋಗಿದೆ’ ಅಂದಳು. ಅಷ್ಟೇ. ಬರದೇ ಹೋದದ್ದಕ್ಕೆ ಇವತ್ತಿನವರೆಗೂ ಒಂದು ಮಾತು ಕೇಳಿಲ್ಲ, ಪುಣ್ಯಾತ್ಗಿತ್ತಿ. ಈಗ ಒಂದು ವಾರ ತಪ್ಪೋದಿದ್ದರೂ ಅಲ್ಲಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಬರ್ತೀನಿ.

ತಿಳಿದವರು ಇಲ್ಲದಿಲ್ಲ. ನಿಮ್ಹಾನ್ಸ್‌ನಲ್ಲಿ 2020ರಿಂದ ‘ಸಂವಾದ್’ ಅಂತಲೇ ಒಂದು ಕಾರ್ಯಕ್ರಮ ಇದೆ, ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ್ದು. ಇಂಥ ಮಕ್ಕಳ ಜೊತೆ ಕೆಲಸ ಮಾಡೋರಿಗೆ ತರಬೇತಿ ಕೊಡುತ್ತೆ. ಆಟ, ಚಿತ್ರ, ಕಥೆ ಇಟ್ಟುಕೊಂಡು, ಮಗು ತಾನಾಗಿ ಬಾಯಿ ಬಿಡೋವರೆಗೆ ಕಾಯೋ ಕೆಲಸ ಅದು. ಬ್ಯಾನರಿಗೆ ಒದಗೋದಲ್ಲ.

ಇನ್ನು ಆ ವಿಡಿಯೊ. ಅಳುವ ಮಕ್ಕಳ ಮುಖ ಎದ್ದು ಕಾಣೋ ಹಾಗೆ ನಮ್ಮ ಬಡಾವಣೆ ಗ್ರೂಪಿನಲ್ಲಿ ಹಾಕಿದ್ದಾರೆ, ‘ಸಾರ್ಥಕ ಕ್ಷಣ’ ಅಂತ. ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ನೋಡಿ, ಇಂಥ ಮಕ್ಕಳ ಗುರುತು ಬಯಲು ಮಾಡಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು, ದಯವಿಟ್ಟು ತೆಗೀರಿ ಅಂತ ಬರೆದೆ.

ಕೈಮುಗಿಯೋ ಚಿಹ್ನೆ ಬಂತು. ಕೆಳಗೆ ಇನ್ಯಾರೋ ‘ಮೇಡಂ, ಯಾವಾಗಲೂ ನೆಗೆಟಿವ್ ಯಾಕೆ’ ಅಂದರು. ವಿಡಿಯೊ ಇನ್ನೂ ಅಲ್ಲೇ ಇದೆ. ದಾರ ಸುತ್ತಿಕೊಂಡವಳೂ ಇದ್ದಾಳೆ, ಮೂಲೆಯಲ್ಲಿ, ಎರಡು ಸೆಕೆಂಡು.